ರಾಹುಕಾಲಕ್ಕೆ ಯಾವ ಊರು?

ಅನಿವಾಸಿ ಕನ್ನಡಿಗರ ಪ್ರಬಂಧಗಳಲ್ಲಿ ಪಂಚಾಂಗ ಬಹಳ ಬೇಗ ಉಪ್ಪಿನಕಾಯಿ ಭರಣಿಯ ಪಕ್ಕಕ್ಕೆ ಹೋಗಿ ಕುಳಿತುಬಿಡುತ್ತದೆ. ಅಜ್ಜ, ಚಾವಡಿಯ ಗೋಡೆ, ಮೊಳೆಗೆ ತೂಗಿದ ಪುಸ್ತಕ, ಆಮೇಲೊಂದು ನಿಟ್ಟುಸಿರು. ಓದಲು ಹಿತವಾಗಿಯೇ ಇರುತ್ತದೆ. ಆದರೆ ಆ ಪುಸ್ತಕವನ್ನು ಬಿಡಿಸಿ ಒಳಗೇನಿದೆ ಎಂದು ನೋಡುವವರು ಕಡಿಮೆ. ನನ್ನ ತಕರಾರು ಅಷ್ಟೆ. ಪಂಚಾಂಗವೂ ಒಂದು ಪಠ್ಯ. ಅದಕ್ಕೂ ಒಬ್ಬ ನಿರೂಪಕನಿದ್ದಾನೆ, ಅವನು ಒಂದು ಊರಿನಲ್ಲಿ ನಿಂತುಕೊಂಡೇ ಆಕಾಶ ನೋಡುತ್ತಾನೆ. ಆ ಊರು ಯಾವುದು ಎಂದು ಕೇಳದೆ ಪಂಚಾಂಗ ಓದುವುದು, ಕತೆ ಹೇಳುತ್ತಿರುವವರು ಯಾರೆಂದು ಗಮನಿಸದೆ ಕಾದಂಬರಿ ಓದಿದ ಹಾಗೆ.

ಮಂಗಳೂರಿನಿಂದ ಹೊರದೇಶಕ್ಕೆ ಹೊರಟವರ ಬ್ಯಾಗಿನಲ್ಲಿ ಕುಚ್ಚಲಕ್ಕಿ, ಹಪ್ಪಳಗಳ ನಡುವೆ ಪಂಚಾಂಗವೂ ಇರುತ್ತದೆ. ಈಗ ಫೋನಿನಲ್ಲೇ ಬಂತು, ನಿಜ. ಆದರೂ ಲಂಡನ್ನಿನಲ್ಲಿ ಹೊಸ ಮನೆಗೆ ಹಾಲು ಉಕ್ಕಿಸಬೇಕಾದಾಗ ಕರೆ ಬರುವುದು ಊರಿನ ದೊಡ್ಡಮ್ಮನಿಗೇ. ಅವರು ನೋಡಿ ಹೇಳುವುದು, 'ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ ಮಗಾ, ಅದು ಕಳೆದ ಮೇಲೆ ಇಟ್ಟುಕೊ.'

ಈ ಒಂದು ವಾಕ್ಯವನ್ನು ಹೊರದೇಶದಲ್ಲಿ ಮೂರು ಬಗೆಯಲ್ಲಿ ಓದುವವರನ್ನು ಕಂಡಿದ್ದೇನೆ. ಕೆಲವರು ಅಲ್ಲಿನ ಗಡಿಯಾರದ ಏಳೂವರೆಯನ್ನೇ ಹಿಡಿಯುತ್ತಾರೆ. ಕೆಲವರು ಭಾರತದ ಏಳೂವರೆ ಎಂದರೆ ಇಲ್ಲಿ ಎಷ್ಟು ಎಂದು ಕಳೆಯುತ್ತಾರೆ. ಚಳಿಗಾಲದ ಲಂಡನ್ನಿನಲ್ಲಿ ಅದು ರಾತ್ರಿ ಎರಡರಿಂದ ಮೂರೂವರೆ. ಹಗಲಿನ ಲೆಕ್ಕದ ರಾಹುಕಾಲ ಕತ್ತಲಲ್ಲಿ, ಎಲ್ಲರೂ ಮಲಗಿರುವಾಗ, ಯಾರಿಗೂ ತೊಂದರೆ ಕೊಡದೆ ಕಳೆದುಹೋಗುತ್ತದೆ. ಮೂರನೆಯವರು ಅಲ್ಲಿನ ಸೂರ್ಯನನ್ನು ಕೇಳುತ್ತಾರೆ. ಅನುವಾದದ ತರಗತಿಯಲ್ಲಿ ಕುಳಿತವರಿಗೆ ಈ ಮೂರೂ ಪರಿಚಿತ ದಾರಿಗಳು.

ಲೆಕ್ಕ ಏನು ಹೇಳುತ್ತದೆ? ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಎಂಟು ಪಾಲು ಮಾಡಿದರೆ ಸೋಮವಾರ ಎರಡನೆಯದು, ಶನಿವಾರ ಮೂರನೆಯದು, ಶುಕ್ರವಾರ ನಾಲ್ಕನೆಯದು, ಹೀಗೆ ವಾರಕ್ಕೊಂದು ಪಾಲು ರಾಹುವಿನದು. ಏಳೂವರೆಯಿಂದ ಒಂಬತ್ತು ಎನ್ನುವುದು ಬೆಳಿಗ್ಗೆ 6ಕ್ಕೆ ಹುಟ್ಟಿ ಸಂಜೆ 6ಕ್ಕೆ ಮುಳುಗುವ ಒಂದು ಆದರ್ಶ ಸೂರ್ಯನ ಲೆಕ್ಕ. ಆ ಸೂರ್ಯ ಮಂಗಳೂರಿನವನೂ ಅಲ್ಲ. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಮಂಗಳೂರು ಇರುವುದು 74.8ರ ಸುಮಾರಿಗೆ. ನಮ್ಮ ಮಧ್ಯಾಹ್ನವೇ ಸರಾಸರಿ ಅರ್ಧ ಗಂಟೆ ತಡ. ಜನವರಿ ಕೊನೆಯಲ್ಲಿ ಇಲ್ಲಿ ಬೆಳಗಾಗುವಾಗ ಏಳು ಗಂಟೆಗೆ ಎರಡು ಮೂರು ನಿಮಿಷವಷ್ಟೇ ಬಾಕಿ. ಅಂಥ ಒಂದು ಸೋಮವಾರ ನಿಜವಾದ ರಾಹುಕಾಲ ಸುಮಾರು 8.25ಕ್ಕೆ ತೊಡಗಿ 9.50ರ ತನಕ. ದೊಡ್ಡಮ್ಮನ ಮಾತು ಕೇಳಿ ಒಂಬತ್ತು ಗಂಟೆ ಕಳೆಯಿತೆಂದು ನಂತೂರಿನಲ್ಲೋ ಬಿಜೈಯಲ್ಲೋ ಸ್ಕೂಟರ್ ಹೊರಡಿಸಿದವರು ನಟ್ಟನಡುವೆ ರಾಹುವಿನ ಬಾಯಿಗೇ ಹೋಗಿದ್ದಾರೆ. ಯಾರಿಗೂ ಏನೂ ಆದಂತಿಲ್ಲ.

ಲಂಡನ್ನಿನ ಜೂನ್ ಹಗಲು ಹದಿನಾರೂವರೆ ಗಂಟೆ ದಾಟುತ್ತದೆ. ಡಿಸೆಂಬರಿನದು ಎಂಟಕ್ಕೂ ಕಡಿಮೆ. ಹಾಗಾಗಿ ಒಂದೇ ರಾಹುಕಾಲ ಬೇಸಿಗೆಯಲ್ಲಿ ಎರಡು ಗಂಟೆ, ಚಳಿಗಾಲದಲ್ಲಿ ಒಂದು ಗಂಟೆ. ನಾರ್ವೆಯ ಉತ್ತರಕ್ಕೆ ಹೋದರೆ ಸೂರ್ಯ ವಾರಗಟ್ಟಲೆ ಮುಳುಗುವುದೇ ಇಲ್ಲ, ಎಂಟು ಪಾಲು ಮಾಡಲು ಹಗಲಿಗೆ ಅಂಚೇ ಇಲ್ಲ.

ಇದನ್ನು ಸಂಪ್ರದಾಯಕ್ಕೂ ಆಧುನಿಕತೆಗೂ ನಡೆದ ಜಗಳವೆಂದು ಓದುವವರು ಸಂಪ್ರದಾಯವನ್ನು ಸರಿಯಾಗಿ ಓದಿಲ್ಲ. ಮೇರುವಿನಲ್ಲಿರುವ ದೇವತೆಗಳಿಗೆ ಅರ್ಧ ವರ್ಷ ಹಗಲು ಎಂಬ ಮಾತು ಸೂರ್ಯಸಿದ್ಧಾಂತದಲ್ಲೇ ಇದೆ. ಲಂಕೆಯಿಂದ ಉಜ್ಜಯಿನಿಯ ಮೂಲಕ ಮೇರುವಿಗೆ ಎಳೆದ ರೇಖೆಯಿಂದ ಎಷ್ಟು ದೂರವಿದ್ದೀರೋ ಅಷ್ಟು ತಿದ್ದಿಕೊಳ್ಳಿ ಎಂಬ 'ದೇಶಾಂತರ'ದ ವಿಧಿಯೂ ಇದೆ. ಹಳೆಯ ಪಂಚಾಂಗಗಳು ತಿಥಿ, ನಕ್ಷತ್ರಗಳು ಮುಗಿಯುವ ಹೊತ್ತನ್ನು ಗಂಟೆಯಲ್ಲಿ ಕೊಡುತ್ತಿರಲಿಲ್ಲ, ಸೂರ್ಯೋದಯದಿಂದ ಎಷ್ಟು ಘಳಿಗೆ ಎಂದು ಹೇಳುತ್ತಿದ್ದವು. ಒಂದು ಘಳಿಗೆ ಎಂದರೆ 24 ನಿಮಿಷ. ಆದರೆ ಎಣಿಕೆ ಶುರುವಾಗುವುದು ಗೋಡೆಯ ಗಡಿಯಾರದಿಂದಲ್ಲ, ಅಂಗಳದ ಸೂರ್ಯನಿಂದ. ಮಂಗಳೂರಿನ ಮಟ್ಟಿಗೆ ಒಂದು ಸ್ವಾರಸ್ಯವಿದೆ. ಉಜ್ಜಯಿನಿ ನಮ್ಮಿಂದ ಪೂರ್ವಕ್ಕೆ ಬರೀ ಒಂದು ಡಿಗ್ರಿಯಷ್ಟು. ನಾಲ್ಕು ನಿಮಿಷದ ವ್ಯತ್ಯಾಸ. ದೇಶಾಂತರದ ಬಿಸಿ ಇಲ್ಲಿಯವರಿಗೆ ತಟ್ಟಿದ್ದೇ ಕಡಿಮೆ. ಅದೊಂದು ಇದೆ ಎಂದು ಮರೆಯುವುದಕ್ಕೆ ನಮ್ಮಷ್ಟು ಅನುಕೂಲ ಬೇರೆಯವರಿಗೆ ಇರಲಿಕ್ಕಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಹೊಸದಾಗಬೇಕಿಲ್ಲ. ಶಾಸನದಲ್ಲಿ ಬರುವ ಶಕವರ್ಷ, ಮಾಸ, ತಿಥಿ, ವಾರಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಿಯೇ ಕವಿಗಳ, ಅರಸರ ಕಾಲ ನಿರ್ಣಯಿಸುತ್ತ ಬಂದಿದ್ದೇವೆ. ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳು 1922ರಲ್ಲಿ ಸಂಪುಟಗಳಾಗಿ ಬಂದದ್ದೇ ಇಂಥ ಕೆಲಸಕ್ಕೆ. ತಿಥಿಯೊಂದು ಸೂರ್ಯೋದಯದ ಆಚೆಗೋ ಈಚೆಗೋ ಜಾರಿದರೆ ವಾರ ತಪ್ಪುತ್ತದೆ, ವಾರ ತಪ್ಪಿದರೆ ಶಾಸನ ಖೊಟ್ಟಿಯೇ ಎಂಬ ಅನುಮಾನ ಏಳುತ್ತದೆ.

ತಿಥಿಯ ವಿಷಯ ರಾಹುಕಾಲದಂತಲ್ಲ. ಚಂದ್ರ ಸೂರ್ಯನಿಂದ ಹನ್ನೆರಡು ಡಿಗ್ರಿ ಮುಂದೆ ಸರಿದರೆ ಒಂದು ತಿಥಿ. ಅದು ಮುಗಿಯುವ ಕ್ಷಣ ಇಡೀ ಭೂಮಿಗೆ ಒಂದೇ. ಆದರೆ ಹಬ್ಬ ಯಾವ ದಿನ ಎನ್ನುವುದನ್ನು ಹೇಳುವುದು ಊರಿನ ಸೂರ್ಯೋದಯ. ಫಾಲ್ಗುಣದ ಅಮಾವಾಸ್ಯೆ ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಮುಗಿಯುತ್ತದೆ ಎಂದಿಟ್ಟುಕೊಳ್ಳಿ. ಮಂಗಳೂರಿನಲ್ಲಿ ಆಗಲೇ ಬೆಳಗಾಗಿದೆ, ಆದ್ದರಿಂದ ಯುಗಾದಿ ಬುಧವಾರ. ನ್ಯೂಯಾರ್ಕಿನಲ್ಲಿ ಆಗ ಸೋಮವಾರ ರಾತ್ರಿ ಹತ್ತೂವರೆ. ಅಲ್ಲಿ ಮಂಗಳವಾರದ ಸೂರ್ಯ ಹುಟ್ಟುವಾಗ ಪಾಡ್ಯ. ಮಗಳು ಅಮ್ಮನಿಗಿಂತ ಒಂದು ದಿನ ಮೊದಲೇ ಬೇವು ಬೆಲ್ಲ ತಿನ್ನಬೇಕು. ಇದನ್ನು ಹೇಳಿದರೆ ಇಲ್ಲಿನ ಎಷ್ಟೋ ಮನೆಗಳಲ್ಲಿ 'ಹಾಗೆಲ್ಲ ಉಂಟಾ?' ಎಂದು ಮುಖ ಸಪ್ಪಗಾಗುತ್ತದೆ. ಅಲ್ಲಿನ ಕನ್ನಡ ಸಂಘಗಳು ಎರಡೂ ಬೇಡವೆಂದು ಬರುವ ಶನಿವಾರಕ್ಕೆ ಹಾಲ್ ಗೊತ್ತುಮಾಡಿಬಿಡುತ್ತವೆ.

ಇದೇ ನಗರದ ನೆರೆಮನೆಗಳು ಇದನ್ನು ಇಷ್ಟು ಕಷ್ಟಪಟ್ಟುಕೊಳ್ಳುವುದಿಲ್ಲ. ಬ್ಯಾರಿ ಕುಟುಂಬಗಳಲ್ಲಿ ದುಬೈಯ ಮಗ ಈದ್ ಮುಗಿಸಿ ಫೋಟೊ ಕಳಿಸಿದ ದಿನ ಮಂಗಳೂರಿನ ತಾಯಿ ಇನ್ನೂ ಉಪವಾಸದಲ್ಲಿರುವುದು ಎಷ್ಟೋ ವರ್ಷ ನಡೆದಿದೆ. ಇಲ್ಲಿ ಚಂದ್ರ ಕಾಣಬೇಕು, ಹೆಚ್ಚಾಗಿ ಕೇರಳ ಕರಾವಳಿಯ ಸುದ್ದಿ ಬರಬೇಕು, ಖಾಝಿಯವರು ಹೇಳಬೇಕು. ಕಥೋಲಿಕರ ಮೊಂತಿ ಫೆಸ್ತ್ ಎಲ್ಲಿ ಹೋದರೂ ಸೆಪ್ಟೆಂಬರ್ 8. ಅವರ ಕಷ್ಟ ದಿನದ್ದಲ್ಲ, ಹೊಸ ತೆನೆಯದು. ಟೊರೊಂಟೊದಲ್ಲಿ ಭತ್ತದ ತೆನೆ ಎಲ್ಲಿಂದ ತರುವುದು?

ನಿತ್ಯದ ಸಂಕಲ್ಪವನ್ನು ನೋಡಿ. ಅದರಲ್ಲಿ ಸಂವತ್ಸರ, ಮಾಸ, ತಿಥಿ ಹೇಳುವ ಮೊದಲು ಜಾಗ ಹೇಳುತ್ತಾರೆ: ದ್ವೀಪ, ವರ್ಷ, ಖಂಡ, ನದಿಯ ಯಾವ ದಡ, ತುಳುನಾಡಿನಲ್ಲಾದರೆ ಪರಶುರಾಮ ಕ್ಷೇತ್ರ. ಅಮೆರಿಕದ ಕೆಲವು ದೇವಾಲಯಗಳಲ್ಲಿ ಜಂಬೂದ್ವೀಪವನ್ನು ಬಿಟ್ಟು ಕ್ರೌಂಚದ್ವೀಪ ಎನ್ನುವ ರೂಢಿ ಬಂದಿದೆ. ಪುರಾಣದ ಭೂಗೋಳಕ್ಕೆ ಅಮೆರಿಕವನ್ನು ಹೊಲಿಯುವುದು ನಗು ಬರಿಸಬಹುದು. ನನಗೆ ಮಾತ್ರ ಅದು ಅನಿವಾಸಿ ಬರವಣಿಗೆಯ ಬಹಳಷ್ಟು ಪುಟಗಳಿಗಿಂತ ಪ್ರಾಮಾಣಿಕವಾಗಿ ಕಾಣುತ್ತದೆ. ನಾನೀಗ ನಿಂತಿರುವುದು ಬೇರೆ ನೆಲ ಎಂದು ಅದು ದೇವರೆದುರೇ ಒಪ್ಪಿಕೊಳ್ಳುತ್ತದೆ. ದೊಡ್ಡಮ್ಮನ ಏಳೂವರೆಯನ್ನು ಹಾಗೇ ಇಟ್ಟುಕೊಂಡವರನ್ನೂ ನಾನು ಹಳಿಯಲಾರೆ. ಅವರು ಪಾಲಿಸುತ್ತಿರುವುದು ದೊಡ್ಡಮ್ಮನನ್ನು, ರಾಹುವನ್ನಲ್ಲ. ಅದನ್ನು ಶಾಸ್ತ್ರವೆಂದು ಕರೆಯದಿದ್ದರೆ ಸಾಕು. ಪ್ರತಿ ಊರಿನ ರಾಹುಕಾಲವನ್ನು ಸೆಕೆಂಡಿನವರೆಗೆ ತೋರಿಸುವ ಆ್ಯಪ್‌ಗಳ ಬಗ್ಗೆ ನನಗೆ ಹೆಚ್ಚು ಅಸಮಾಧಾನ. ಲೆಕ್ಕ ಸರಿ, ಆದರೆ ಅವು ಇಡೀ ಪುಸ್ತಕದಿಂದ ಹೆಕ್ಕಿಕೊಂಡದ್ದು ಹೆದರಿಕೆಯ ಭಾಗವನ್ನೇ.

ಹೆಕ್ಕದೆ ಬಿಟ್ಟದ್ದರಲ್ಲಿ ತುಳು ತಿಂಗಳುಗಳಿವೆ. ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ ಎಂದು ಸಂಕ್ರಮಣದಿಂದ ಸಂಕ್ರಮಣಕ್ಕೆ ಸಾಗುವ ಸೌರ ತಿಂಗಳುಗಳು. ಲೆಕ್ಕ ಸೂರ್ಯನದು, ಅರ್ಥ ಮಳೆಯದು. ಆಟಿ ಎಂದರೆ ಗದ್ದೆಯ ಕೆಲಸ ಮುಗಿದು, ಅಕ್ಕಿ ಮುಡಿ ಬರಿದಾಗಿ, ಹೊರಗೆ ಕಾಲಿಡಲಾಗದ ತಿಂಗಳು. ಅದರ ಅಮಾವಾಸ್ಯೆಯಂದು ಸೂರ್ಯ ಹುಟ್ಟುವ ಮೊದಲೇ ಕಬ್ಬಿಣ ತಾಗಿಸದೆ, ಕಲ್ಲಿನಿಂದ ಜಜ್ಜಿ ತೆಗೆದ ಪಾಲೆ ಮರದ ಕೆತ್ತೆಯ ಕಷಾಯ ಕುಡಿಯಬೇಕು. ಗಲ್ಫಿನಲ್ಲಿ ಅದೇ ಹೊತ್ತಿಗೆ ನಲವತ್ತು ದಾಟಿದ ಬಿಸಿಲು. ಎಸಿ ಹಾಕಿದ ಹಾಲ್‌ನಲ್ಲಿ 'ಆಟಿಡೊಂಜಿ ದಿನ' ನಡೆಯುತ್ತದೆ, ಪತ್ರೊಡೆ ಬಡಿಸುತ್ತಾರೆ, ಆಟಿ ಕಳೆಂಜನ ವೇಷವೂ ಬರುತ್ತದೆ. ದಿನಾಂಕ ಸರಿಯಾಗಿಯೇ ಇರುತ್ತದೆ. ಹೊರಗೆ ಒಂದು ಹನಿ ಬಿದ್ದಿರುವುದಿಲ್ಲ.

ಆದರೂ ಇಲ್ಲಿನ ಪಂಚಾಂಗ ಅಲ್ಲಿ ನಿಜವಾಗಿ ಕೆಲಸ ಮಾಡುವ ಒಂದು ಜಾಗವುಂಟು. ಬೇಶದ ಹತ್ತನೆಯ ದಿನ, ಮೇ ಕೊನೆಯ ವಾರದ ಸುಮಾರಿಗೆ, ಪತ್ತನಾಜೆ. ಅಂದಿಗೆ ಕೋಲ, ನೇಮ ನಿಲ್ಲುತ್ತದೆ, ಕಟೀಲಿನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಮಳೆ ಕಳೆಯುವ ತನಕ ಬಯಲಾಟವಿಲ್ಲ. ಕಲಾವಿದರಿಗೆ ಬಿಡುವು. ಹಿಂದೆ ಈ ಬಿಡುವಿನಲ್ಲಿ ಅವರು ಮುಂಬಯಿಗೆ ಹೋಗುತ್ತಿದ್ದರು, ಈಗ ಹೊರದೇಶಕ್ಕೂ. ಜೂನ್ ತಿಂಗಳ ದುಬೈಯಲ್ಲಿ ಚೆಂಡೆ ಕೇಳುವುದು ಮಂಗಳೂರಿನಲ್ಲಿ ಪತ್ತನಾಜೆ ಆಯಿತೆಂಬ ಕಾರಣಕ್ಕೆ.