ಗ್ಯಾಲರಿಯ ಸಮೂಹ, ಬೀದಿಯ ಸಮೂಹ

2009ರಲ್ಲಿ ಬೆಂಗಳೂರಿನ ಕಲಾವಿದರು ಎರಡು ಪ್ರಯೋಗಗಳಿಗೆ ಕೈಹಾಕಿದರು. ‘ಸಮೂಹ’ದವರು ಜೆ.ಸಿ. ರಸ್ತೆಯ ಎ.ಡಿ.ಎ. ರಂಗಮಂದಿರದ ಕಟ್ಟಡದಲ್ಲಿ ಸ್ಥಳ ಹಿಡಿದು, ಖರ್ಚನ್ನು ತಮ್ಮೊಳಗೇ ಹಂಚಿಕೊಂಡು, ವರ್ಷಕ್ಕೂ ಮಿಕ್ಕಿ ಸರದಿಯಂತೆ ಪ್ರದರ್ಶನ ನಡೆಸಿದರು. ಅವಧಿ ಮುಗಿದಾಗ ಬಾಗಿಲು ಹಾಕಿದರು. ‘ಜಾಗ’ ಎಂಬುದು ಗೋದಾಮಿನಲ್ಲಿ ಸರಕು ಪೇರಿಸುವ ಕಬ್ಬಿಣದ ರ‍್ಯಾಕುಗಳಿಂದಲೇ ಎದ್ದ ಕಟ್ಟಡ. ಬಿಚ್ಚಿ ಬೇರೆಡೆ ಕಟ್ಟಬಹುದು. ಕಲೆಗೆ ಶಾಶ್ವತ ಗೋಡೆ ಬೇಕಿಲ್ಲ, ಒಬ್ಬನದೇ ಸಹಿಯೂ ಬೇಕಿಲ್ಲ ಎಂಬ ಈ ನಿಲುವು ಮೆಚ್ಚತಕ್ಕದ್ದೇ.

ಆದರೆ ಹಿರಿಯೂರಿನಲ್ಲಿ ಬೆಳೆದ ನನಗೆ ಇದು ಪೂರ್ತಿ ಹೊಸದೆನಿಸಲಿಲ್ಲ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಮೊಹರಂ ಎಂದರೆ ಬಾಬಯ್ಯನ ಹಬ್ಬ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಹುತಾತ್ಮರಾದ ಹಜ್ರತ್ ಇಮಾಮ್ ಹುಸೇನರ ನೆನಪಿನಲ್ಲಿ ಕಟ್ಟುವ ತಾಬೂತಿಗೆ ಮೇದಾರರು ಬಿದಿರು ಸೀಳಿ ಕೊಡುತ್ತಿದ್ದರು. ನಮ್ಮಮ್ಮ ಮೈದಾ ಅಂಟು ಕಾಯಿಸುತ್ತಿದ್ದಳು. ಬಣ್ಣದ ಕಾಗದ ಕತ್ತರಿಸಲು ಓಣಿಯ ಹುಡುಗರೆಲ್ಲ ಸೇರುತ್ತಿದ್ದೆವು. ಹತ್ತನೆಯ ದಿನ ತಮಟೆಯವರು ಮುಂದೆ, ತಾಬೂತು ಹಿಂದೆ. ಬೀದಿಯೇ ಗ್ಯಾಲರಿ. ಕೊನೆಗೆ ಅದನ್ನು ವೇದಾವತಿಯಲ್ಲಿ ‘ಠಂಡಾ’ ಮಾಡುತ್ತಿದ್ದರು. ನದಿಯಲ್ಲಿ ನೀರಿಲ್ಲದ ವರ್ಷಗಳೇ ಹೆಚ್ಚು. ಆಗ ಬಿಂದಿಗೆಯ ನೀರೇ ಗತಿ.

ಎರಡರ ನಡುವೆ ಒಂದು ವ್ಯತ್ಯಾಸವಿದೆ. ಬೆಂಗಳೂರಿನಲ್ಲಿ ಕೈಜೋಡಿಸಿದವರು ಹೆಚ್ಚಿನಂಶ ಕಲಾವಿದರೇ. ಊರಿನವರು ಬಂದದ್ದು ನೋಡಲು. ತಾಬೂತಿನ ಮುಂದೆ ನಿಂತವನು ಮಾತ್ರ ‘ಆ ಗುಮ್ಮಟದ ಬಿದಿರು ನಮ್ಮದು’ ಎನ್ನಬಲ್ಲ.

ಹಾಗೆಂದು ಹಳೆಯದನ್ನೆಲ್ಲ ಹಾಡಿ ಹೊಗಳಬೇಕಿಲ್ಲ. ಮುಂದೆ ನಡೆದ ತಮಟೆಯವರು ನಮ್ಮ ಪಡಸಾಲೆಯಲ್ಲಿ ಕೂತು ಉಂಡದ್ದನ್ನು ನಾನು ಕಂಡಿಲ್ಲ. ಅಂಟು ಕಾಯಿಸಿದ ಅಮ್ಮ ಮೆರವಣಿಗೆಯನ್ನು ಕಿಟಕಿಯಿಂದಲೇ ನೋಡಿದಳು. ಕೆಲಸ ಹಂಚಿಕೊಂಡವರು ಮರ್ಯಾದೆಯನ್ನೂ ಹಂಚಿಕೊಂಡರು ಎಂದರೆ ಸುಳ್ಳಾದೀತು.

ಈಗ ಆ ಕೈಗಳೂ ದೂರವಾಗುತ್ತಿವೆ. ಇದು ದೀನಿಗೆ ಸೇರಿದ್ದಲ್ಲ ಎನ್ನುವವರು ನಮ್ಮಲ್ಲಿದ್ದಾರೆ. ಆ ಪ್ರಶ್ನೆಯನ್ನು ಬಲ್ಲವರು ಇತ್ಯರ್ಥ ಮಾಡಲಿ. ನನ್ನ ಕಸುಬು ಕಥೆ ಬರೆಯುವುದು. ‘ಅವರ ಹಬ್ಬಕ್ಕೆ ನಾವೇಕೆ?’ ಎನ್ನುವವರು ಆಚೆಯೂ ಇದ್ದಾರೆ. ಈ ಎರಡು ಮಾತುಗಳ ನಡುವೆ ಥರ್ಮೋಕೋಲು, ಸೀರಿಯಲ್ ಲೈಟು ಸದ್ದಿಲ್ಲದೆ ಬಂದು ಕೂತಿವೆ. ಪ್ರತಿವರ್ಷ ಬಾಗಿಲಿಗೆ ಬಂದು, “ಈ ಸಲ ಬಿದಿರು ಎಷ್ಟು ಬೇಕು ಸಾಬ್ರೇ?” ಎಂದು ಅಬ್ಬಾನನ್ನು ಕೇಳುತ್ತಿದ್ದ ಮೇದಾರರ ಅಜ್ಜ ಒಂದು ವರ್ಷ ಬರಲಿಲ್ಲ. ಯಾಕೆಂದು ನಾವೂ ಹೋಗಿ ಕೇಳಲಿಲ್ಲ. ಆ ವರ್ಷ ಅಲಂಕಾರ ಪೇಟೆಯಿಂದ ಬಂತು. ಜಗಳವಿಲ್ಲದೆಯೇ ಒಂದು ಸಂಬಂಧ ಮುಗಿಯಿತು.

ಆದ್ದರಿಂದ ಸಂಚಾರಿ ಗ್ಯಾಲರಿಯ ಗೆಳೆಯರಲ್ಲಿ ಒಂದು ಕೋರಿಕೆ. ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆ ಕಡೆ ಬರುವುದಾದರೆ ಸಿದ್ಧ ಕೃತಿಗಳನ್ನು ಲಾರಿಗೆ ತುಂಬಿಕೊಂಡು ಬರಬೇಡಿ. ಬರಿಗೈಯಲ್ಲಿ ಬಂದು ಬಿದಿರು ಯಾರು ಸೀಳುತ್ತಾರೆ, ಅಂಟು ಯಾರು ಕಾಯಿಸುತ್ತಾರೆ ಎಂದು ಮನೆಮನೆಯಲ್ಲಿ ಕೇಳಿ. ಮಾಡಿದ್ದನ್ನು ಬೀದಿಗೆ ತಂದಾಗ ತಮಟೆಯವರ ಹೆಸರನ್ನೂ, ಅಂಟು ಕಾಯಿಸಿದವಳ ಹೆಸರನ್ನೂ ಗಟ್ಟಿಯಾಗಿ ಹೇಳಿ. ನಮ್ಮ ಹಿರಿಯರು ಮಾಡದೆ ಬಿಟ್ಟ ಕೆಲಸ ಅದು.