ಗಾಳಿಗೆ ಸಲ್ಲಬೇಕಾದ ಕೀರ್ತಿ

ಹಡಗಿನ ತಳಕ್ಕೆ ಅಂಟುವ ಲೋಳೆ, ಪಾಚಿ, ಬಾರ್ನಕಲ್‌ಗಳನ್ನು ವಿಷವಿಲ್ಲದೆ ಕೊಡವಿ ಹಾಕುವ ‘ಕೃತಕ ಸ್ನಾಯು’ವಿನ ಮೇಲ್ಮೈಗೆ ಹೆಸರು ತಂದದ್ದು 2013ರ ಒಂದು ಪ್ರಬಂಧ. ಡ್ಯೂಕ್ ವಿಶ್ವವಿದ್ಯಾಲಯದ ಫಣೀಂಧರ್ ಶಿವಪೂಜ, ಷ್ವಾನ್ಹೆ ಝಾವೊ, ಗೇಬ್ರಿಯಲ್ ಲೋಪೆಜ್ ಮತ್ತು ಸಂಗಡಿಗರು ಅದನ್ನು ‘ಅಡ್ವಾನ್ಸ್ಡ್ ಮೆಟೀರಿಯಲ್ಸ್’ ಪತ್ರಿಕೆಯಲ್ಲಿ ಬರೆದರು. ಹಡಗಿನ ತಳಕ್ಕೆ ಬಳಿಯುತ್ತಿದ್ದ ವಿಷಕಾರಿ ಟಿಬಿಟಿ (ಟ್ರೈಬ್ಯೂಟೈಲ್ ಟಿನ್) ಬಣ್ಣ ಸಿಂಪಿಗಳನ್ನು ಕೆಡಿಸಿದ್ದು, 2008ರಲ್ಲಿ ಅದರ ಜಾಗತಿಕ ನಿಷೇಧ ಜಾರಿಯಾದದ್ದು ಹಳೆಯ ಸಂಗತಿ. ನನ್ನ ತಕರಾರು ಈ ಪ್ರಬಂಧಕ್ಕೆ ಸಿಕ್ಕ ಕೀರ್ತಿಯ ಬಗ್ಗೆ. ಅದು ಸಲ್ಲಬೇಕಾದ ಭಾಗಕ್ಕೆ ಸಲ್ಲಲಿಲ್ಲ.

ಪ್ರಬಂಧದಲ್ಲಿ ಎರಡು ದಾರಿಗಳಿವೆ: ವಿದ್ಯುತ್ತು ಮತ್ತು ಗಾಳಿಯ ಒತ್ತಡ. ಹೊಗಳಿದವರೆಲ್ಲ ವಿದ್ಯುತ್ತನ್ನೇ ಹಿಡಿದರು. ಅದರ ರಚನೆಯನ್ನು ನಿಧಾನವಾಗಿ ನೋಡಬೇಕು. ಕೆಳಗೆ ಲೋಹದ ಹಾಳೆ, ಅದರ ಮೇಲೆ ನಿರೋಧಕ ಪದರ, ಅದಕ್ಕೂ ಮೇಲೆ ಮೆತ್ತನೆಯ ಸಿಲಿಕೋನ್ ರಬ್ಬರು. ಇನ್ನೊಂದು ವಿದ್ಯುದ್ವಾರ ಉಪ್ಪುನೀರೇ. ಕಿಲೋವೋಲ್ಟ್‌ಗಳಲ್ಲಿ ವಿದ್ಯುತ್ತು ಹಾಯಿಸಿದರೆ ರಬ್ಬರಿನ ಮೈ ಸುಕ್ಕಾಗಿ ಕುಳಿ ಬೀಳುತ್ತದೆ, ಅಂಟಿದ್ದು ಕಳಚುತ್ತದೆ. ಸಮುದ್ರವನ್ನೇ ಉಪಕರಣದ ಅಂಗವಾಗಿಸಿದ ಈ ಕಲ್ಪನೆ ನಿಜಕ್ಕೂ ಸುಂದರ. ಆದರೆ ಇದರ ದೌರ್ಬಲ್ಯ ಇರುವುದೂ ಇಲ್ಲೇ: ಆ ಪದರಗಳಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೂ ನೀರು ನೇರವಾಗಿ ಲೋಹವನ್ನು ಮುಟ್ಟುತ್ತದೆ. ಮಲ್ಪೆ ಬಂದರಿನಲ್ಲಿ ದೋಣಿಗಳು ಪಕ್ಕಕ್ಕೆ ಪಕ್ಕ ಉಜ್ಜಿಕೊಂಡು ನಿಲ್ಲುತ್ತವೆ. ಹಗ್ಗ, ಮರಳು, ಚಿಪ್ಪಿನ ಅಂಚು ಎಲ್ಲವೂ ಗೀರುತ್ತವೆ. ಹಿಂದೆ ಗೇರೆಣ್ಣೆ, ಮೀನೆಣ್ಣೆ ಬಳಿದ ಮರದ ದೋಣಿ ಗೀರು ಬಿದ್ದರೂ ಕಡಲಿಗೆ ಇಳಿಯುತ್ತಿತ್ತು. ಈ ರಬ್ಬರಿಗೆ ಆ ತಾಳಿಕೆ ಇಲ್ಲ.

ಇನ್ನೂ ಗಂಭೀರವಾದದ್ದು ಕಳಚುವ ಲೆಕ್ಕ. ತಳದ ರಬ್ಬರು ಹಿಗ್ಗಿದಾಗ ಮೇಲೆ ಅಂಟಿದ ಪದರವೂ ಹಿಗ್ಗುತ್ತದೆ. ಅದರಲ್ಲಿ ತುಂಬಿದ ಶಕ್ತಿ ಅಂಟಿನ ಶಕ್ತಿಯನ್ನು ಮೀರಿದಾಗ ಅದು ಬಿಡುತ್ತದೆ. ಪದರ ದಪ್ಪವೂ ಬಿಗಿಯೂ ಆದಷ್ಟು ಕಡಿಮೆ ಹಿಗ್ಗು ಸಾಕು. ತೆಳುವೂ ಮೆತ್ತಗೂ ಆದಷ್ಟು ಹೆಚ್ಚು ಬೇಕು. ಅಂದರೆ ಎಲ್ಲಕ್ಕಿಂತ ಮೊದಲು ಬಂದು ಕೂರುವ ಎಳೆಯ ಲೋಳೆಯೇ ಎಲ್ಲಕ್ಕಿಂತ ಹಟಮಾರಿ. ಇದು ಅಂಟದಂತೆ ತಡೆಯುವ ಮೇಲ್ಮೈಯಲ್ಲ, ಅಂಟಿ ಬಲಿತದ್ದನ್ನು ಕಳಚುವ ಮೇಲ್ಮೈ. ಲೇಖಕರು ‘ಕಳಚುವಿಕೆ’ ಎಂದೇ ಎಚ್ಚರದಿಂದ ಬರೆದಿದ್ದಾರೆ. ‘ತಡೆ’ ಎಂದು ಹಿಗ್ಗಿಸಿದವರು ನಂತರದವರು.

ಶಾರ್ಕ್ ಚರ್ಮದ ಪಕ್ಷದವರೊಂದಿಗೂ ನನಗೆ ಜಗಳವಿದೆ. ಫ್ಲಾರಿಡಾದ ಆಂಥನಿ ಬ್ರೆನ್ನನ್ ಶಾರ್ಕ್ ಚರ್ಮವನ್ನು ಅನುಕರಿಸಿ ರೂಪಿಸಿದ ‘ಶಾರ್ಕ್‌ಲೆಟ್’ನ ಸೂಕ್ಷ್ಮ ಗೀರುಗಳಿಗೆ ವಿದ್ಯುತ್ತೂ ಬೇಡ, ಗಾಳಿಯೂ ಬೇಡ ಎಂಬುದು ಅವರ ವಾದ. ಸರಿಯೇ. ಆದರೆ ಆ ಗೀರುಗಳ ಅಳತೆ ಒಂದೇ, ಕಡಲಿನಿಂದ ಬಂದು ಕೂರುವ ಜೀವಿಗಳ ಅಳತೆ ನೂರಾರು. ಒಮ್ಮೆ ಲೋಳೆ ಮುಚ್ಚಿದ ಮೇಲೆ ಆ ವಿನ್ಯಾಸ ಏನು ಮಾಡೀತು? ‘ಪ್ರಕೃತಿಯೇ ಹೇಳಿಕೊಟ್ಟಿತು’ ಎಂದು ಎರಡೂ ಪಕ್ಷದವರು ಸಾಕ್ಷಿ ಹೇಳಿಸುತ್ತಾರೆ. ಆದರೆ ಅಷ್ಟೊಂದು ಸ್ನಾಯುವಿರುವ ಗೂನು ತಿಮಿಂಗಿಲದ ಚರ್ಮದ ಮೇಲೂ ಬಾರ್ನಕಲ್ ಬೆಳೆಯುತ್ತದೆ. ಪ್ರಕೃತಿಯ ಹೆಸರು ಹೇಳಿದ ಮಾತ್ರಕ್ಕೆ ವಾದ ಗೆದ್ದಂತಾಗದು.

ಈಗ ಗಾಳಿಯ ದಾರಿ. ರಬ್ಬರಿನ ಅಡಿಯ ಕಾಲುವೆಗಳಿಗೆ ಗಾಳಿ ಊದಿದರೆ ಅದೇ ಹಿಗ್ಗು ಸಿಗುತ್ತದೆ, ಕಿಲೋವೋಲ್ಟ್ ಬೇಕಿಲ್ಲ. 2014ರಲ್ಲಿ ಅದೇ ಬಳಗದ ವ್ರಾಡ್ ಲೆವರಿಂಗ್ ಮತ್ತು ಸಂಗಡಿಗರು ಈ ತತ್ವವನ್ನು ಮೂತ್ರನಾಳದ ಕ್ಯಾತಿಟರ್‌ಗೆ ಒಗ್ಗಿಸಿ, ಒಳಗೋಡೆಯನ್ನು ಉಬ್ಬಿಸಿ ಬ್ಯಾಕ್ಟೀರಿಯಾದ ಲೋಳೆಯನ್ನು ಕಳಚಿ ತೋರಿಸಿದರು. ಅಲ್ಲಿ ಹಗ್ಗದ ಉಜ್ಜಾಟವಿಲ್ಲ. ಕಳಚಿದ್ದನ್ನು ಒಯ್ಯುವ ಹರಿವೂ ಇದೆ. ಕಡಲು ಕಾಣದ ಉದಗೀರ, ನಿಲಂಗಾ, ಉಮರ್ಗಾದ ಹೊಲಗಳಲ್ಲೂ ಹನಿ ನೀರಾವರಿಯ ಕೊಳವೆಗೆ ಲೋಳೆಯ ಕಾಟ ಇದ್ದದ್ದೇ. ಅದಕ್ಕೆ ಇಂದಿಗೂ ಆಮ್ಲ, ಕ್ಲೋರಿನ್ನೇ ಮದ್ದು. ಈ ವಿಚಾರದ ಮನೆ ಕೊಳವೆಯ ಒಳಗಿದೆ, ಹಡಗಿನ ಹೊರಗಲ್ಲ ಎಂಬುದು ನನ್ನ ತೀರ್ಮಾನ.

ಹಡಗಿಗೂ ಇದು ಒಗ್ಗುತ್ತದೆ ಎನ್ನುವವರು ಗಾಳಿ ತುಂಬುವ ಒಂದು ಫಲಕವನ್ನು ಮಲ್ಪೆಯಲ್ಲೋ ಕಾರವಾರದಲ್ಲೋ ಮಳೆಗಾಲ ಸೇರಿದಂತೆ ಪೂರ್ತಿ ಒಂದು ವರ್ಷ ಇಳಿಬಿಟ್ಟು, ಪಕ್ಕದಲ್ಲಿ ಮಾಮೂಲಿ ತಾಮ್ರದ ಬಣ್ಣದ ಫಲಕವನ್ನೂ ಇಟ್ಟು ಫಲಿತಾಂಶ ಪ್ರಕಟಿಸಲಿ.