ಗರ್ಭಕೋಶದ ವಿರಳ ಕ್ಯಾನ್ಸರ್: ಅಂಕಿಗಳನ್ನು ಓದುವುದು ಹೇಗೆ?

ಗರ್ಭಕೋಶದ ಗೋಡೆಯ ಅನೈಚ್ಛಿಕ ಸ್ನಾಯುವಿನಲ್ಲಿ ಬೆಳೆಯುವ ನಾರುಗಡ್ಡೆಗಳು, ಅಂದರೆ ಫೈಬ್ರಾಯ್ಡ್‌ಗಳು, ಮಹಿಳೆಯರಲ್ಲಿ ತೀರ ಸಾಮಾನ್ಯ. ಇವು ಕ್ಯಾನ್ಸರ್ ಅಲ್ಲ. ಆದರೆ ಅದೇ ಸ್ನಾಯುವಿನಲ್ಲಿ ಲಿಯೋಮಯೋಸಾರ್ಕೋಮ ಎಂಬ ಉಗ್ರ ಕ್ಯಾನ್ಸರ್ ವಿರಳವಾಗಿ ಹುಟ್ಟುತ್ತದೆ. ಅತಿಸ್ರಾವ, ಕಿಬ್ಬೊಟ್ಟೆಯ ನೋವು, ಒತ್ತಡ - ಲಕ್ಷಣಗಳು ಎರಡರಲ್ಲೂ ಒಂದೇ.

ಪರೀಕ್ಷೆಗಳಿಂದ ಪತ್ತೆ ಮಾಡಬಾರದೇಕೆ? ಅಲ್ಟ್ರಾಸೌಂಡ್‌ನಲ್ಲಿಯೂ ಎಂ.ಆರ್.ಐ.ನಲ್ಲಿಯೂ ಒಳಗೆ ಕೊಳೆತ ನಾರುಗಡ್ಡೆ ಕ್ಯಾನ್ಸರ್‌ನಂತೆಯೇ ಕಾಣಬಹುದು. ಗರ್ಭಕೋಶದ ಒಳಪೊರೆಯನ್ನು ಕೆರೆದು ನೋಡಿದರೆ ಗೋಡೆಯೊಳಗೆ ಹುದುಗಿದ ಗಂತಿ ತಪ್ಪಿಸಿಕೊಳ್ಳುತ್ತದೆ. ಕೊನೆಯ ತೀರ್ಪು ಸೂಕ್ಷ್ಮದರ್ಶಕದ್ದು: ವಿಭಜನೆಯಾಗುತ್ತಿರುವ ಕೋಶಗಳ ಸಂಖ್ಯೆ, ಕೋಶಕೇಂದ್ರಗಳ ವಿಕಾರ, ಸತ್ತ ಕೋಶಗಳ ಬಗೆ - ಈ ಮೂರನ್ನೂ ಒಟ್ಟಿಗೆ ನೋಡಬೇಕು. ಅಷ್ಟು ನೋಡಿದರೂ ಕೆಲವು ಗಡ್ಡೆಗಳು 'ಅನಿಶ್ಚಿತ' ಎಂಬ ವರ್ಗದಲ್ಲೇ ಉಳಿಯುತ್ತವೆ.

'ಬೇಗ ಬೆಳೆಯುವ ಗಡ್ಡೆ ಕ್ಯಾನ್ಸರ್ ಇರಬಹುದು' ಎಂಬುದು ಹಳೆಯ ಸೂತ್ರ. 1994ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ನಾರುಗಡ್ಡೆಯೆಂದು ಶಸ್ತ್ರಕ್ರಿಯೆಗೊಳಗಾದ 1332 ಮಹಿಳೆಯರನ್ನು ಪರಿಶೀಲಿಸಿತು. ಬೇಗ ಬೆಳೆದ ಗಡ್ಡೆಯಿದ್ದ 371 ಮಂದಿಯಲ್ಲಿ ಸಾರ್ಕೋಮ ಕಂಡದ್ದು ಒಬ್ಬರಲ್ಲಿ ಮಾತ್ರ. ಸೂತ್ರ ಬಿದ್ದುಹೋಯಿತು. ಆದರೆ ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ಗಮನಿಸಿ: ಒಟ್ಟು ಸಾರ್ಕೋಮಗಳು 3, ಅಂದರೆ ಸುಮಾರು 444ಕ್ಕೆ ಒಂದು. ಹೀಗಿದ್ದೂ 'ಹತ್ತು ಸಾವಿರಕ್ಕೆ ಒಂದು' ಎಂದು ರೋಗಿಗಳಿಗೆ ಧೈರ್ಯ ಹೇಳುವ ರೂಢಿ ಮುಂದುವರಿಯಿತು.

ಇದರ ಬೆಲೆ ತೆತ್ತವರು ರೋಗಿಗಳು. ಉದರದರ್ಶಕ ಶಸ್ತ್ರಕ್ರಿಯೆಯಲ್ಲಿ ಸಣ್ಣ ರಂಧ್ರದ ಮೂಲಕ ಹೊರತೆಗೆಯಲು ಗಡ್ಡೆಯನ್ನು ಮಾರ್ಸೆಲೇಟರ್ ಎಂಬ ಯಂತ್ರದಿಂದ ಹೊಟ್ಟೆಯೊಳಗೇ ಕತ್ತರಿಸುತ್ತಿದ್ದರು. ಅದು ಕ್ಯಾನ್ಸರ್ ಆಗಿದ್ದರೆ ಚೂರುಗಳು ಉದರದಲ್ಲೆಲ್ಲ ಚದುರುತ್ತವೆ. 2013ರಲ್ಲಿ ಅಮೆರಿಕದ ವೈದ್ಯೆ ಏಮಿ ರೀಡ್ ಅವರಿಗೆ ಹೀಗೆಯೇ ಆಯಿತು. ಅವರು 2017ರಲ್ಲಿ ತೀರಿಕೊಂಡರು. 2014ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಇಂಥ ಶಸ್ತ್ರಕ್ರಿಯೆಗೊಳಗಾಗುವ ಸುಮಾರು 350 ಮಹಿಳೆಯರಲ್ಲಿ ಒಬ್ಬರಿಗೆ ಸಾರ್ಕೋಮ, 498ರಲ್ಲಿ ಒಬ್ಬರಿಗೆ ಲಿಯೋಮಯೋಸಾರ್ಕೋಮ ಇರಬಹುದೆಂದು ಎಚ್ಚರಿಸಿತು.

ಹಾಗಾದರೆ ಈ ಅಂಕಿ ಅಂತಿಮವೆ? ಅದೂ ಅಲ್ಲ. ಅದು 9 ಅಧ್ಯಯನಗಳನ್ನು ಮಾತ್ರ ಆಧರಿಸಿತ್ತು. 133 ಅಧ್ಯಯನಗಳನ್ನು ಒಟ್ಟುಗೂಡಿಸಿದ 2015ರ ವಿಶ್ಲೇಷಣೆ ಲಿಯೋಮಯೋಸಾರ್ಕೋಮವನ್ನು ಸುಮಾರು 2000ಕ್ಕೆ ಒಂದು ಎಂದು ಅಂದಾಜು ಮಾಡಿತು. ಒಂದೂ ಪ್ರಕರಣ ಕಾಣದ ಅಧ್ಯಯನಗಳನ್ನು ಲೆಕ್ಕಕ್ಕೆ ಸೇರಿಸಿದರೆ ಛೇದ ದೊಡ್ಡದಾಗುತ್ತದೆ, ಅಪಾಯ ಕುಗ್ಗುತ್ತದೆ. ವಯಸ್ಸು ಬೆರೆತರೆ ಚಿತ್ರ ಮತ್ತೆ ಬದಲಾಗುತ್ತದೆ. 50 ದಾಟಿದವರಲ್ಲಿ ಅಪಾಯ ಹೆಚ್ಚು.

'ನನ್ನ ಅನುಭವದಲ್ಲಿ ಇಂಥದ್ದು ಕಂಡಿಲ್ಲ' ಎಂಬ ಮಾತು ಇಲ್ಲಿ ನೆರವಾಗದು. ವರ್ಷಕ್ಕೆ 100 ಶಸ್ತ್ರಕ್ರಿಯೆ ಮಾಡುವವರಿಗೆ, 2000ಕ್ಕೆ ಒಂದರಂತೆ, ಸರಾಸರಿ 20 ವರ್ಷಕ್ಕೊಮ್ಮೆ ಇಂಥ ಪ್ರಕರಣ ಎದುರಾಗುತ್ತದೆ. ಒಬ್ಬರ ಅನುಭವದಿಂದ ಇಷ್ಟು ವಿರಳವಾದ ಅಪಾಯವನ್ನು ಅಳೆಯಲಾಗದು. ಅದಕ್ಕೇ ದಾಖಲೆಗಳು ಬೇಕು, ತೆಗೆದ ಪ್ರತಿ ಗಡ್ಡೆಯೂ ಊತಕ ಪರೀಕ್ಷೆಗೆ ಹೋಗಬೇಕು.

ಹಾಗೆಂದು ಎಲ್ಲರ ಹೊಟ್ಟೆಯನ್ನೂ ದೊಡ್ಡದಾಗಿ ಕೊಯ್ಯುವುದು ಪರಿಹಾರವಲ್ಲ. ಅದರಲ್ಲಿ ಸೋಂಕು, ರಕ್ತಸ್ರಾವಗಳ ಅಪಾಯವಿದೆ. 2020ರಲ್ಲಿ ಅದೇ ಆಡಳಿತವು, ಯೋಗ್ಯ ರೋಗಿಗಳಲ್ಲಿ, ಚೂರುಗಳು ಚದುರದಂತೆ ಚೀಲದೊಳಗೆ ಮಾತ್ರ ಗಡ್ಡೆಯನ್ನು ಕತ್ತರಿಸಬೇಕೆಂದು ಸೂಚಿಸಿತು. ಚೀಲವೂ ಅಪಾಯವನ್ನು ಪೂರ್ತಿ ನೀಗದು.

'ವಿರಳ' ಎಂಬುದು ಜನಸಮೂಹವನ್ನು ಕುರಿತ ಮಾತು. ಎದುರಿಗೆ ಕುಳಿತ ರೋಗಿಯ ರೋಗನಿದಾನವಲ್ಲ. ತರಗತಿಯಲ್ಲಿ ಸಂಭವನೀಯತೆ ಕಲಿಸುವಾಗ ಶಿಕ್ಷಕರು ನಾಣ್ಯ, ದಾಳಗಳ ಜೊತೆಗೆ ಈ ಉದಾಹರಣೆಯನ್ನೂ ಬಳಸಬಹುದು. 'ಇಷ್ಟಕ್ಕೆ ಒಂದು' ಎಂದಾಗ ಆ 'ಇಷ್ಟು' ಯಾರು, ಅವರನ್ನು ಎಣಿಸಿದವರು ಯಾರು ಎಂದು ಕೇಳುವುದನ್ನು ವಿದ್ಯಾರ್ಥಿಗಳು ಕಲಿಯಲಿ.